ನಡಾವಳಿ

ನಮ್ಮ ವಾರ್ಡಿನ ಸರಕಾರಿ ಕಾಗದವೆಲ್ಲ
ಮೊದಲು ನಮ್ಮ ಜಗಲಿಗೆ ಬರುತ್ತದೆ.
ನನಗೆ ಮಲಯಾಳ ಓದಲು ಬರುತ್ತದೆ, ಅಷ್ಟೇ ಕಾರಣ.
ಕಾಸರಗೋಡಿನ ಕಾಲೇಜಿಗೆ ಮೂರು ವರ್ಷ
ಬಸ್ಸಿನ ಬೋರ್ಡು ನೋಡಿ ನೋಡಿ ಕಲಿತದ್ದು.

ಐತ್ತಪ್ಪಜ್ಜ ನೀರಿನ ಬಿಲ್ಲು ತರುತ್ತಾರೆ,
ಬೀಪಾತುಮ್ಮ ಬ್ಯಾಂಕಿನ ಲಕೋಟೆ,
ಕೊರಪಳು, ಮಡಚಿ ಮಡಚಿ ಬೆಂಕಿಪೆಟ್ಟಿಗೆಯಷ್ಟಾದ
ಯಾವುದೋ ಅರಿಯಿಪ್ಪು.
"ಇದರಲ್ಲಿ ಏನುಂಟು ಮಗಾ?"
ನಾನು ಹೇಳಿದ್ದು ಉಂಟು.
ಹೇಳದ್ದು ಇಲ್ಲ.

ನಾನಾದರೋ ಯಾವುದನ್ನೂ ನಂಬುವವಳಲ್ಲ.
ಮೂರು ಪಕ್ಷದ ಮೂರು ಗ್ರೂಪಿನಲ್ಲಿದ್ದೇನೆ,
ಮೂರರಲ್ಲೂ ಅದೇ ಮುರಿದ ಸೇತುವೆಯ ಫೋಟೊ,
ಕೆಳಗೆ ಬೇರೆ ಬೇರೆ ಊರಿನ ಹೆಸರು.
ನಗು ಬರುತ್ತದೆ, ಬೆರಳು ಮೇಲೆ ತಳ್ಳುತ್ತದೆ.
ಮೊದಲ ಸಲ ಓಟಿನ ಚೀಟಿ ಬಂದಾಗ
ಓದುತ್ತಿದ್ದ ಪುಸ್ತಕದಲ್ಲಿ ಗುರುತಿಗೆ ಇಟ್ಟೆ.
ಪುಸ್ತಕ ಮುಗಿಸಲಿಲ್ಲ.

ಅಂಥವಳು ಒಂದು ರಾತ್ರಿ ನಿದ್ದೆಗಣ್ಣಲ್ಲಿ
ಬಂದದ್ದನ್ನು ಕನ್ನಡ ಮಾಡಿ ಊರಿನ ಗ್ರೂಪಿಗೆ ಹಾಕಿದೆ:
ಮಸ್ಟರಿಂಗಿಗೆ ನಾಳೆಯೇ ಕಡೇ ದಿನ,
ಬೆರಳು ಒತ್ತದವರಿಗೆ ಪೆನ್ಶನ್ ಇಲ್ಲ.
ತಾರೀಕು ಇತ್ತು. ವರ್ಷ ಇರಲಿಲ್ಲ.
ಎರಡು ವರ್ಷ ಹಳೆಯದು.

ಬೆಳಿಗ್ಗೆ ಅಕ್ಷಯ ಕೇಂದ್ರದ ಶಟರು ಏಳುವ ಮೊದಲೇ
ಪೆರ್ಲ ಪೇಟೆಯಲ್ಲಿ ಹದಿನೇಳು ಮುದಿ ಜೀವ.
ಐತ್ತಪ್ಪಜ್ಜ ಗುಡ್ಡೆ ಇಳಿದು ನಡೆದೇ ಬಂದಿದ್ದರು
ಬಾರು ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು.
ಬೀಡಿ ಸುರುಟಿ ಸುರುಟಿ ಗೆರೆ ಅಳಿದ ಹೆಬ್ಬೆರಳನ್ನು
ಕೊರಪಳು ಸೆರಗಿಗೆ ಉಜ್ಜುತ್ತಲೇ ಇದ್ದಳು,
ಯಂತ್ರಕ್ಕೆ ಕಾಣಲಿ ಎಂದು.
"ಯಾರು ಹೇಳಿದ್ದು ನಿಮಗೆ?" ಕೌಂಟರಿನ ಹುಡುಗ ರೇಗಿದ.
ಎಲ್ಲರೂ ಒಂದೇ ಹೆಸರು ಹೇಳಿದರಂತೆ,
ದೂರಿನ ಹಾಗೆ ಅಲ್ಲ,
"ನಮ್ಮ ನವ್ಯಶ್ರೀ ಹೇಳಿದ್ದು.
ನಿನ್ನ ಮಿಷನನ್ನು ಇನ್ನೊಮ್ಮೆ ನೋಡು."

ಅಳಿಸಿದೆ. ಅಳಿಸಿದರೆ ಎಲ್ಲಿ ಅಳಿಯುತ್ತದೆ?
ಫೋನು ಮಕ್ಕಳ ಕೈಯಲ್ಲಿ, ಮಾತು ಮುದುಕರ ಕಿವಿಯಲ್ಲಿ.
ಮನೆ ಮನೆಗೆ ನಡೆದೆ.
ಮುರಕಲ್ಲಿನ ಮೆಟ್ಟಿಲು, ಕಟ್ಟಿರದ ನಾಯಿ,
ಬೀಪಾತುಮ್ಮನ ಹಾಲಿಲ್ಲದ ಚಾ.
"ನಿನಗೂ ತಪ್ಪುತ್ತದಲ್ಲ" ಅಂದರು ಆಕೆ,
ಏನೋ ನೆಮ್ಮದಿಯಾದವರ ಹಾಗೆ.
ಐತ್ತಪ್ಪಜ್ಜ ಬೈಯುತ್ತಾರೆಂದು ನಿಂತಿದ್ದೆ.
"ಹಾಗಾದರೆ ಸರಿಯಾದ ತಾರೀಕು ಯಾವುದು?"
ಗೊತ್ತಿರಲಿಲ್ಲ.
ಯಾರನ್ನು ಕೇಳಬೇಕೆಂದೂ ಗೊತ್ತಿರಲಿಲ್ಲ.

ಹಾಗೆ ಹೋದದ್ದು ಗ್ರಾಮಸಭೆಗೆ, ಇಪ್ಪತ್ತರ ವಯಸ್ಸಿನಲ್ಲಿ.
ಶಾಲೆಯ ಬೆಂಚು, ಒಡೆದ ಮೈಕು,
ಸಹಿ ಹಾಕಿ ಬಸ್ಸಿಗೆ ಓಡಲು ಕಾದ ಅಕ್ಕಂದಿರು.
ಎದ್ದು ನಿಂತೆ, ಮೊಣಕಾಲು ನನ್ನದಾಗಿರಲಿಲ್ಲ.
ಪೆನ್ಶನಿನ ತಾರೀಕು ಪಂಚಾಯತಿನ ಗೋಡೆಯಲ್ಲಿ
ಕನ್ನಡದಲ್ಲಿ ಯಾಕೆ ಇಲ್ಲ, ಅಂದೆ.
"ನೋಡುವ, ನೋಡುವ" ಅಂದರು ಮೆಂಬರು.
ತೆಂಕಣಿಂದ ಹೊಸದಾಗಿ ಬಂದ ಗುಮಾಸ್ತ
ದಪ್ಪ ಪುಸ್ತಕದಲ್ಲಿ ಅರ್ಧ ಸಾಲು ಗೀಚಿದ.

"ಬರೆದದ್ದು ಓದಿ ಸಾರ್."
ಆತ ತಲೆಯೆತ್ತಿದ. ಹಾಗೆ ಯಾರೂ ಕೇಳುವುದಿಲ್ಲವಂತೆ.
"ಚರ್ಚ ಚೆಯ್ದು."
ಚರ್ಚೆ ಆಗಲಿಲ್ಲ ಸಾರ್. ನಾನು ಕೇಳಿದೆ, ಯಾರೂ ಹೇಳಲಿಲ್ಲ.
"ಚೋದಿಚ್ಚು" ಎಂದು ಬರೆಯಿರಿ. ಹೆಸರು ಹಾಕಿ.
ಅಕ್ಕಂದಿರು ಬಸ್ಸು ಬಿಟ್ಟುಕೊಟ್ಟರು.
ಪೆನ್ನು ನಿಂತಿತು, ಹೊಡೆಯಿತು, ಮತ್ತೆ ಬರೆಯಿತು.
ನನ್ನ ಹೆಸರಿನಲ್ಲಿ ಒಂದು ದೀರ್ಘ ತಪ್ಪಿತ್ತು.
ಅದನ್ನೂ ತಿದ್ದಿಸಿದೆ.

ಗೋಡೆ ಇನ್ನೂ ಖಾಲಿಯೇ ಉಂಟು.
ಓಟಿನ ಚೀಟಿ ಯಾವ ಪುಸ್ತಕದಲ್ಲೋ, ಹುಡುಕುತ್ತಿದ್ದೇನೆ.
ನಿನ್ನೆ ಸಂಜೆ ಐತ್ತಪ್ಪಜ್ಜ ಮೊಮ್ಮಗನ ಫೋನು ಹಿಡಿದು ಬಂದರು,
ನಾನು ಬಾಯಿ ತೆರೆಯುವ ಮೊದಲೇ
ಕನ್ನಡಕ ಒರೆಸಿಕೊಂಡು ಕೇಳಿದರು:
"ಇದರಲ್ಲಿ ವರ್ಷ ಉಂಟಾ ಮಗಾ?"